ನಿಯಾಂಡರ್ತಾಲರು ನಮಗೆ ಏನಾಗಬೇಕು?

ಮಲೆನಾಡ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವಾರ ಹತ್ತನೇ ತರಗತಿಗೆ ಅನುವಂಶೀಯತೆ ಪಾಠ ನಡೆಯುತ್ತಿತ್ತು. ಮಾತಿನ ಮಧ್ಯೆ ನಿಯಾಂಡರ್ತಾಲರ ವಿಷಯ ಬಂತು. ಯುರೋಪು, ಪಶ್ಚಿಮ ಏಷ್ಯಾ ಕಡೆ ಲಕ್ಷಾಂತರ ವರ್ಷ ಬಾಳಿದವರು, ಸುಮಾರು 40,000 ವರ್ಷಗಳ ಹಿಂದೆ ಇಲ್ಲವಾದವರು, ನಮಗಿಂತ ಬೇರೆ ಪ್ರಭೇದ ಅಂತ ಹೇಳಿದೆ. ಅವರ ಡಿಎನ್‌ಎ ಸ್ವಲ್ಪ ನಮ್ಮಲ್ಲೂ ಇದೆ ಅಂತ ಸೇರಿಸಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಬೇರೆ ಬೇರೆ ಪ್ರಭೇದ ಸೇರಿದ್ರೆ ಹುಟ್ಟಿದ ಮರಿಗೆ ಮತ್ತೆ ಮರಿ ಆಗಲ್ಲ ಅಂತ ನೀವೇ ಹೇಳಿದ್ರಿ. ಕುದುರೆ, ಕತ್ತೆ ಸೇರಿದ್ರೆ ಹೇಸರಗತ್ತೆ, ಅಲ್ಲಿಗೆ ಮುಗೀತು ಅಂದ್ರಿ. ಹಾಗಾದ್ರೆ ಅವರ ಡಿಎನ್‌ಎ ನಮ್ಮ ತನಕ ಹೇಗೆ ಬಂತು?"

ನಾಳೆ ಹೇಳ್ತೀನಿ ಅಂದೆ. ಆ ನಾಳೆ ಬಂದು ಮೂರು ದಿನ ಆಯ್ತು. ಆ ಮಗುವಿಗೆ ಸುಮ್ನೆ ಏನೋ ಹೇಳಿ ಕೂರಿಸಲು ನನಗೆ ಇಷ್ಟವಿಲ್ಲ. ಇವರು ನಮಗೆ ಏನಾಗಬೇಕು? ಅಜ್ಜ ಅಜ್ಜಿಯಾ, ದಾಯಾದಿಗಳಾ, ನೆಂಟರಾ? ತಿಳಿದವರು ಬಿಡಿಸಿ ಹೇಳಿ.

ಹಳ್ಳಿಕಾರ್ ಗೌಡ, ಮಂಡ್ಯ:
ಮೇಷ್ಟ್ರೇ, ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ನಾನು ವಿಜ್ಞಾನ ಓದಿದವನಲ್ಲ, ದನ ಕಟ್ಟುವವನು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ನಮ್ಮ ಕೊಟ್ಟಿಗೆಯಲ್ಲಿ ಎರಡು ಹಳ್ಳಿಕಾರ್, ಮೂರು ಎಚ್‌ಎಫ್ ಕ್ರಾಸ್ ಇವೆ. ಹಳ್ಳಿಕಾರ್‌ಗೆ ಬೆನ್ನ ಮೇಲೆ ಡುಬ್ಬ, ಕತ್ತಿನ ಕೆಳಗೆ ಗಂಗೆದೊಗಲು. ಸೀಮೆ ಹಸುವಿಗೆ ಡುಬ್ಬವೇ ಇಲ್ಲ. ಎರಡರ ಕಾಡು ಮೂಲವೂ ಬೇರೆ ಬೇರೆ, ಲಕ್ಷಾಂತರ ವರ್ಷಗಳ ಹಿಂದೆಯೇ ಕವಲೊಡೆದವು ಅಂತ ನಮ್ಮೂರಿನ ಡಾಕ್ಟರು ಹೇಳಿದ್ದರು. ಪುಸ್ತಕದಲ್ಲಿ ಎರಡಕ್ಕೂ ಬೇರೆ ಹೆಸರೇ ಇದೆಯಂತೆ, ಬಾಸ್ ಇಂಡಿಕಸ್, ಬಾಸ್ ಟಾರಸ್ ಅಂತ. ಆದರೂ ಕ್ರಾಸ್ ಕರು ಬೆಳೆದ ಮೇಲೆ ಬೆದೆಗೆ ಬರುತ್ತೆ, ಗಬ್ಬ ಆಗುತ್ತೆ, ಈಯುತ್ತೆ. ನಮ್ಮ ಗೌರಿ ಆರು ಸೂಲು ಈದಿದ್ದಾಳೆ. ಅವಳ ಮೊಮ್ಮಗಳ ಬೆನ್ನ ಮೇಲೆ ಕೈ ಆಡಿಸಿದರೆ ಡುಬ್ಬದ ಜಾಗದಲ್ಲಿ ಒಂದು ಸಣ್ಣ ಉಬ್ಬು ಇನ್ನೂ ಸಿಗುತ್ತೆ.

ನಿಯಾಂಡರ್ತಾಲರದ್ದೂ ಹೀಗೇ ಇರಬಹುದಾ?

ಉಡುಪಿಯ ಹುಡುಗಿ, ಜರ್ಮನಿ:
ಗೌಡ್ರೇ, ಇಷ್ಟು ಚೆಂದದ ಉದಾಹರಣೆ ನನಗೆ ಹೊಳೆದಿರಲಿಲ್ಲ. ಹೀಗೇ ಇದೆ. ನಾನು ಓದಿದ್ದು ಜೀನುಗಳ ವಿಷಯವನ್ನೇ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಕುದುರೆಗೆ 64 ವರ್ಣತಂತುಗಳು (ಕ್ರೋಮೋಸೋಮು, ಅಂದರೆ ಡಿಎನ್‌ಎ ಸುತ್ತಿಟ್ಟ ಎಳೆಗಳು), ಕತ್ತೆಗೆ 62. ಹುಟ್ಟುವ ಹೇಸರಗತ್ತೆಗೆ 63. ಜೋಡಿ ಸರಿಹೋಗುವುದಿಲ್ಲ, ಅದಕ್ಕೇ ಬಹುಮಟ್ಟಿಗೆ ಬಂಜೆ. ಕುದುರೆ ಕತ್ತೆ ಬೇರೆಯಾಗಿ ಹತ್ತಾರು ಲಕ್ಷ ವರ್ಷ ಆಗಿದೆ. ನಮ್ಮ ಕವಲು, ನಿಯಾಂಡರ್ತಾಲರ ಕವಲು ಬೇರೆಯಾಗಿ ಸುಮಾರು ಐದಾರು ಲಕ್ಷ ವರ್ಷ ಅಷ್ಟೇ. ಅಷ್ಟರಲ್ಲಿ ಮೈಕಟ್ಟು ಬದಲಾಗಿತ್ತು. ಹುಬ್ಬಿನ ಎಲುಬು ದಪ್ಪ, ಎದೆಗೂಡು ಅಗಲ, ಗಲ್ಲದ ತುದಿ ಇಲ್ಲ. ಆದರೆ ಮಕ್ಕಳಾಗುವುದು ನಿಂತಿರಲಿಲ್ಲ. ಪ್ರಭೇದ ಅನ್ನುವುದು ನಾವು ಅನುಕೂಲಕ್ಕೆ ಎಳೆದುಕೊಂಡ ಗೆರೆ. ಕೆಲವು ಕಡೆ ಗೆರೆ ದಪ್ಪ, ಕೆಲವು ಕಡೆ ಅಳಿಸಿಹೋದಷ್ಟು ತೆಳು.

ಪೂರ್ತಿ ಸಲೀಸಾಗಿತ್ತು ಅಂತಲೂ ಅಲ್ಲ. ನಮ್ಮ ಎಕ್ಸ್ ವರ್ಣತಂತುವಿನಲ್ಲಿ ಅವರ ಭಾಗ ತುಂಬಾ ಕಡಿಮೆ. ಗಂಡುಮಕ್ಕಳ ವೃಷಣದಲ್ಲಿ ಕೆಲಸ ಮಾಡುವ ಜೀನುಗಳ ಸುತ್ತಲೂ ಹಾಗೇ. ಬೆರಕೆಯಿಂದ ಹುಟ್ಟಿದ ಗಂಡುಮಕ್ಕಳಿಗೆ ಮಕ್ಕಳಾಗುವುದು ಕಷ್ಟವಾಗಿತ್ತು ಅನ್ನುವುದಕ್ಕೆ ಇದೊಂದು ಗುರುತು. ಅಂದರೆ ಎರಡೂ ಕವಲು ದೂರ ಆಗುತ್ತಿದ್ದವು, ಪೂರ್ತಿ ದೂರ ಆಗಿರಲಿಲ್ಲ. ಆ ಹುಡುಗಿಗೆ ಧೈರ್ಯವಾಗಿ ಹೇಳಿ, ಅವಳ ಪ್ರಶ್ನೆ ವಿಜ್ಞಾನಿಗಳೂ ತಲೆ ಕೆಡಿಸಿಕೊಂಡ ಪ್ರಶ್ನೆಯೇ.

ಬಾಗಲಕೋಟೆ ಬಸು:
ಒಂದು ಗೊಂದಲ. ನಾನು ಕಾಲೇಜಿನಲ್ಲಿದ್ದಾಗ "ನಿಯಾಂಡರ್ತಾಲರಿಗೂ ನಮಗೂ ಸಂಬಂಧವೇ ಇಲ್ಲ, ಡಿಎನ್‌ಎ ನೋಡಿ ಖಚಿತ ಮಾಡಿದ್ದಾರೆ" ಅಂತ ಓದಿದ ನೆನಪು. ಈಗ ಸಂಬಂಧ ಇದೆ ಅಂತೀರಿ. ಯಾವುದು ಸರಿ?

ಉಡುಪಿಯ ಹುಡುಗಿ, ಜರ್ಮನಿ:
ಬಸು ಅವರೇ, ನಿಮ್ಮ ನೆನಪು ಸರಿ ಇದೆ. 1997ರಲ್ಲಿ ಸ್ವಾಂತೆ ಪಾಬೊ ಅವರ ತಂಡ ಮೊದಲ ಸಲ ನಿಯಾಂಡರ್ತಾಲ ಎಲುಬಿನಿಂದ ಡಿಎನ್‌ಎ ಓದಿತು. ಆಗ ಓದಿದ್ದು ಮೈಟೊಕಾಂಡ್ರಿಯಾದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಅಂಗದ) ಡಿಎನ್‌ಎಯ ಒಂದು ಸಣ್ಣ ತುಂಡು. ಅದು ಇವತ್ತಿನ ಯಾವ ಮನುಷ್ಯರದ್ದಕ್ಕೂ ಹೊಂದಲಿಲ್ಲ. ಹಾಗಾಗಿ ಸಂಬಂಧ ಇಲ್ಲ ಅಂತ ಬಹಳ ಜನ ಅಂದುಕೊಂಡರು.

ಆದರೆ ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ. ನಮ್ಮ ತುಳುನಾಡಿನವರಿಗೆ ಇದು ಬೇಗ ಅರ್ಥವಾಗುತ್ತೆ. ನಮ್ಮಲ್ಲಿ ಅಳಿಯಸಂತಾನದ ಮನೆಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಮಕ್ಕಳಿಗೆ ಬರುತ್ತದೆ. ನನ್ನ ದೊಡ್ಡಮ್ಮನಿಗೆ ಮೂವರೂ ಗಂಡುಮಕ್ಕಳು. ಅವರ ಮಕ್ಕಳೆಲ್ಲ ತಂತಮ್ಮ ತಾಯಿಯ ಬಳಿಯವರು. ದೊಡ್ಡಮ್ಮನ ಬಳಿ ಆ ಮೊಮ್ಮಕ್ಕಳಲ್ಲಿ ಯಾರಿಗೂ ಇಲ್ಲ. ಹಾಗಂತ ಅವರು ದೊಡ್ಡಮ್ಮನ ಮೊಮ್ಮಕ್ಕಳೇ ಅಲ್ಲ ಅನ್ನಲಾಗುತ್ತಾ? ಮೂಗು ನೋಡಿದರೇ ಗೊತ್ತಾಗುತ್ತೆ! 1997ರಲ್ಲಿ ಕಂಡದ್ದು ಬಳಿ ಮಾತ್ರ. ಇಡೀ ಮೈಯ ಲೆಕ್ಕ ಸಿಕ್ಕಿದ್ದು 2010ರಲ್ಲಿ. ಕ್ರೊಯೇಷಿಯಾದ ವಿಂಡಿಯಾ ಗುಹೆಯ ಎಲುಬುಗಳಿಂದ ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, ಮೊದಲ ಕರಡು ಹೊರಬಂತು. ಆಫ್ರಿಕಾದ ಹೊರಗಿನ ಎಲ್ಲರಲ್ಲೂ ಅವರ ಪಾಲು ಇದೆ ಅಂತ ಆಗ ತಿಳಿಯಿತು. ಈಗಿನ ಲೆಕ್ಕದಲ್ಲಿ ಸುಮಾರು ಶೇ 2. ಆಫ್ರಿಕಾದವರಲ್ಲೂ ಸ್ವಲ್ಪ ಇದೆ, ಹಿಂದಕ್ಕೆ ವಲಸೆ ಹೋದವರ ಮೂಲಕ. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು.

ಇನ್ನೊಂದು ವಿಷಯ ಹೇಳಲೇಬೇಕು. ನಾನಿರುವುದು ಡ್ಯೂಸೆಲ್‌ಡೋರ್ಫ್‌ನಲ್ಲಿ. ನಿಯಾಂಡರ್ತಾಲರಿಗೆ ಹೆಸರು ಕೊಟ್ಟ ನಿಯಾಂಡರ್ ಕಣಿವೆ ಇಲ್ಲಿಂದ ಲೋಕಲ್ ರೈಲಿನಲ್ಲಿ ಹೋಗುವಷ್ಟು ಹತ್ತಿರ. ಹೋದ ವಸಂತದಲ್ಲಿ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಗುಹೆ ನೋಡಬೇಕು ಅಂತ ಅಮ್ಮ ಹಠ ಹಿಡಿದರು. ಗುಹೆಯೇ ಇಲ್ಲ! 1856ರಲ್ಲಿ ಸುಣ್ಣದ ಕಲ್ಲು ಒಡೆಯುವ ಕೂಲಿಗಳು ಗುಹೆಯ ಮಣ್ಣನ್ನು ಹೊರಗೆ ಎಸೆಯುವಾಗ ಎಲುಬು ಸಿಕ್ಕಿದ್ದು. ಕರಡಿಯದ್ದು ಅಂದುಕೊಂಡಿದ್ದರು. ಅವು ಫೂಲ್ರಾಟ್ ಅನ್ನುವ ಶಾಲಾ ಮೇಷ್ಟ್ರ ಕೈಗೆ ಬಂದವು. (ಮಲೆನಾಡ ಮೇಷ್ಟ್ರೇ, ಗಮನಿಸಿ, ಮೊದಲು ಗುರುತು ಹಿಡಿದದ್ದು ನಿಮ್ಮಂಥ ಒಬ್ಬ ಮೇಷ್ಟ್ರು.) ಆಮೇಲೆ ಗಣಿ ಇಡೀ ಗುಡ್ಡವನ್ನೇ ತಿಂದುಹಾಕಿತು. ಆ ಎಲುಬುಗಳನ್ನು ನೋಡಿದ ಬಾನ್ ನಗರದ ಒಬ್ಬ ಪ್ರಾಧ್ಯಾಪಕರು, ಇದು ರಷ್ಯಾದ ಕೊಸಾಕ್ ಸೈನಿಕನದ್ದು, ಕಾಯಿಲೆಯಿಂದ ಕಾಲು ಬಾಗಿದೆ ಅಂತ ವಾದ ಮಾಡಿದ್ದರು. 1864ರಲ್ಲಿ ವಿಲಿಯಂ ಕಿಂಗ್ ಹೋಮೋ ನಿಯಾಂಡರ್ತಾಲೆನ್ಸಿಸ್ ಅಂತ ಹೆಸರಿಟ್ಟರು.

ಮನಸ್ಸಿಗೆ ತಟ್ಟಿದ ಸಂಗತಿ ಏನೆಂದರೆ, 1990ರ ದಶಕದ ಕೊನೆಗೆ ಇಬ್ಬರು ಸಂಶೋಧಕರು ಆ ಕೂಲಿಗಳು ಎಸೆದಿದ್ದ ಮಣ್ಣಿನ ರಾಶಿಯನ್ನೇ ಹುಡುಕಿ ಅಗೆದರು. ಅಲ್ಲಿ ಸಿಕ್ಕ ಒಂದು ಎಲುಬಿನ ಚೂರು ಹಳೆಯ ತೊಡೆ ಎಲುಬಿಗೆ ಸರಿಯಾಗಿ ಕೂತುಕೊಂಡಿತು. ನೂರನಲವತ್ತು ವರ್ಷ ಆದ ಮೇಲೆ!

ಅಂದ ಹಾಗೆ ಕಣಿವೆಗೆ ಆ ಹೆಸರು ಬಂದದ್ದು ನಿಯಾಂಡರ್ ಅನ್ನುವ ಪಾದ್ರಿಯಿಂದ. ಆ ಪದದ ಅರ್ಥ ಹೊಸ ಮನುಷ್ಯ.

ಹಳ್ಳಿಕಾರ್ ಗೌಡ, ಮಂಡ್ಯ:
ಅಬ್ಬಾ, ಆ ಎಲುಬಿನ ಚೂರು ಕೂತ ಕಥೆ ಓದಿ ಮೈ ಜುಮ್ಮೆಂದಿತು. ಮನೆಯಲ್ಲೂ ಓದಿ ಹೇಳಿದೆ.

ಅಕ್ಕಮಹಾದೇವಿ, ದಾವಣಗೆರೆ:
ನಾನು ಫಿಸಿಯೋಥೆರಪಿಸ್ಟ್. ಎಲುಬು ಮುರಿದವರನ್ನು ದಿನಾ ನೋಡುತ್ತೇನೆ. ಜನ ನಿಯಾಂಡರ್ತಾಲ ಅನ್ನುವ ಪದವನ್ನು ಬೈಗುಳದ ಹಾಗೆ ಬಳಸುವುದು ಕೇಳಿದರೆ ನನಗೆ ಬೇಜಾರಾಗುತ್ತೆ. ಅದಕ್ಕೆ ಕಾರಣ ಇರಾಕಿನ ಶಾನಿದಾರ್ ಗುಹೆಯ ಒಬ್ಬ ಮನುಷ್ಯ. ಮನುಷ್ಯ ಅಂತಲೇ ಬರೆಯುತ್ತೇನೆ.

ರಾಲ್ಫ್ ಸೊಲೆಕಿ ಅವರ ತಂಡಕ್ಕೆ 1957ರಲ್ಲಿ ಸಿಕ್ಕ ಅಸ್ಥಿಪಂಜರ ಅದು. ಎಡಗಣ್ಣಿನ ಪಕ್ಕಕ್ಕೆ ಜೋರು ಪೆಟ್ಟು ಬಿದ್ದು ಎಲುಬು ಒಳಗೆ ಕುಸಿದಿದೆ, ಆ ಕಣ್ಣು ಬಹುಶಃ ಹೋಗಿತ್ತು. ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ, ಮೇಲಿನ ತೋಳೂ ಸೊರಗಿ ಸಣ್ಣಗಾಗಿದೆ. ಕಾಲಿಗೂ ಏಟು. ಕಿವಿಯ ದಾರಿಯಲ್ಲಿ ಎಲುಬು ಬೆಳೆದು ಕೇಳಿಸುವುದೂ ಕಷ್ಟವಾಗಿತ್ತು. ಆದರೂ ಆತ ನಲವತ್ತರ ಆಸುಪಾಸಿನವರೆಗೆ ಬದುಕಿದ್ದ. ಆ ಕಾಲಕ್ಕೆ ಅದು ಮುದಿ ವಯಸ್ಸು.

ಎಕ್ಸ್‌ರೇ ನೋಡುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಏಟು ಬಿದ್ದ ಕೂಡಲೇ ಸತ್ತರೆ ಮುರಿದ ಅಂಚು ಚೂಪಾಗಿಯೇ ಇರುತ್ತೆ. ಬದುಕಿದರೆ ಅಂಚು ದುಂಡಗಾಗುತ್ತೆ, ಮೇಲೆ ಹೊಸ ಎಲುಬು ಕೂರುತ್ತೆ. ಅದಕ್ಕೆ ವಾರ, ತಿಂಗಳು, ವರ್ಷ ಬೇಕು. ಈತನ ಎಲುಬುಗಳ ಅಂಚು ದುಂಡಗಿವೆ. ಒಂದು ಕೈ, ಒಂದು ಕಣ್ಣು, ಕುಂಟು ಕಾಲು, ಮಂದ ಕಿವಿ. ಸಿಂಹ, ಕತ್ತೆಕಿರುಬ ಓಡಾಡುವ ಕಾಲದಲ್ಲಿ ಇಂಥವನು ಒಬ್ಬನೇ ಬೇಟೆಯಾಡಿ ಹೊಟ್ಟೆ ತುಂಬಿಸಿಕೊಂಡ ಅಂದರೆ ನಾನು ನಂಬುವುದಿಲ್ಲ. ಯಾರೋ ಊಟ ಕೊಟ್ಟರು, ಬಿಸಿಲಿಗೆ ಕೂರಿಸಿದರು, ಗುಂಪು ಹೊರಟಾಗ ಕಾದರು.

ಬಾಗಿದ ಬೆನ್ನಿನ, ತೂಗಾಡುವ ಕೈಗಳ ಕಾಡು ಮನುಷ್ಯನ ಚಿತ್ರ ಇದೆಯಲ್ಲ, ಅದು ಬಂದದ್ದು 1908ರಲ್ಲಿ ಫ್ರಾನ್ಸಿನ ಲಾ ಶಪೆಲ್‌ನಲ್ಲಿ ಸಿಕ್ಕ ಮುದುಕನಿಂದ. ಮಾರ್ಸೆಲಿನ್ ಬೂಲ್ ಅನ್ನುವ ವಿಜ್ಞಾನಿ ಅದನ್ನು ನೋಡಿ ಇವರು ನೆಟ್ಟಗೆ ನಿಲ್ಲಲಾರದವರು ಅಂತ ಬರೆದುಬಿಟ್ಟರು. 1957ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ, ಆ ಮುದುಕನಿಗೆ ಸಂಧಿವಾತ ಜೋರಾಗಿತ್ತು ಅನ್ನುವುದಕ್ಕೆ ಒತ್ತು ಬಂತು. ಬೆನ್ನು, ಕತ್ತು, ಸೊಂಟ ಎಲ್ಲ ಸವೆದಿದ್ದವು. ನನ್ನ ಹತ್ತಿರ ಬರುವ ಎಷ್ಟೋ ಅಜ್ಜಂದಿರು ಹಾಗೇ ನಿಲ್ಲುತ್ತಾರೆ. ಒಬ್ಬ ಮುದುಕನ ನೋವನ್ನು ನೋಡಿ ಒಂದು ಕುಲಕ್ಕೇ ಬುದ್ಧಿ ಇಲ್ಲ ಅಂದರು. ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಕೋತಿ ಎದ್ದು ನಿಂತು ಮನುಷ್ಯನಾಗುವ ಚಾರ್ಟ್ ಇದ್ದರೆ ದಯವಿಟ್ಟು ತೆಗೆಸಿ. ಅವರ ಮೆದುಳು ನಮ್ಮಷ್ಟೇ ದೊಡ್ಡದು, ಕೆಲವರದ್ದು ಇನ್ನೂ ದೊಡ್ಡದು.

ಮಲೆನಾಡ ಮೇಷ್ಟ್ರು:
ಇದೆ ಮೇಡಂ. ಲ್ಯಾಬಿನ ಗೋಡೆಯ ಮೇಲೆ. ನಾಳೆಯೇ ಇಳಿಸುತ್ತೇನೆ.

ತುಮಕೂರು ತೇಜು:
ಎಲ್ಲರಿಗಿಂತ ಬೇರೆ ಪ್ರಶ್ನೆ ನನ್ನದು. 2021ರ ಮೇ ತಿಂಗಳಲ್ಲಿ ಅಪ್ಪನನ್ನು ಕಳೆದುಕೊಂಡೆ. ಕೊರೋನಾ. ಮೂರು ಕಡೆ ಅಲೆದ ಮೇಲೆ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು, ಆಮ್ಲಜನಕ ಸಿಗಲು ರಾತ್ರಿ ಆಯ್ತು. ಆಮೇಲೆ ಯಾರೋ ಹೇಳಿದರು, ನಿಯಾಂಡರ್ತಾಲ ಜೀನಿನಿಂದ ನಮ್ಮ ಕಡೆ ಜನಕ್ಕೆ ಕೊರೋನಾ ಜಾಸ್ತಿ ಹಿಡಿಯಿತು ಅಂತ. ಅದು ನಿಜವಾ? ಅಪ್ಪ ಹೋಗಿದ್ದು ಅದರಿಂದಲಾ? ಈ ಪ್ರಶ್ನೆ ತುಂಬಾ ದಿನದಿಂದ ಒಳಗೇ ಇದೆ.

ಉಡುಪಿಯ ಹುಡುಗಿ, ಜರ್ಮನಿ:
ತೇಜು, ಮೊದಲು ನಿಮ್ಮ ಅಪ್ಪನ ವಿಷಯ ಕೇಳಿ ತುಂಬಾ ನೋವಾಯಿತು.

ನೀವು ಕೇಳಿದ ಮಾತಿಗೆ ಒಂದು ಬುಡ ಇದೆ. 2020ರಲ್ಲಿ ಹ್ಯೂಗೊ ಝೆಬರ್ಗ್ ಮತ್ತು ಪಾಬೊ ಮೂರನೇ ವರ್ಣತಂತುವಿನ ಒಂದು ತುಂಡು ಕೊರೋನಾವನ್ನು ಜೋರು ಮಾಡುತ್ತದೆ, ಅದು ನಿಯಾಂಡರ್ತಾಲರಿಂದ ಬಂದದ್ದು ಅಂತ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅದು ಇದೆ. ಯುರೋಪಿನಲ್ಲಿ ಸುಮಾರು ಶೇ 16 ಜನರಲ್ಲಿ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡ 2021ರಲ್ಲಿ ನಮ್ಮ ಭಾಗದ ಜನರ ಲೆಕ್ಕ ತೆಗೆದು, ಯುರೋಪಿನಲ್ಲಿ ಕಂಡ ಆ ಸಂಬಂಧ ದಕ್ಷಿಣ ಏಷ್ಯಾದಲ್ಲಿ ಕಾಣುತ್ತಿಲ್ಲ ಅಂತ ಹೇಳಿತು. ಇನ್ನು, ನಿಯಾಂಡರ್ತಾಲರಿಂದಲೇ ಬಂದ ಇನ್ನೊಂದು ತುಂಡು ಹನ್ನೆರಡನೇ ವರ್ಣತಂತುವಿನಲ್ಲಿದೆ. ಅದು ಕೊರೋನಾ ಜೋರಾಗುವುದನ್ನು ತಡೆಯುತ್ತದೆ. ಅಪಾಯದ ಮೊದಲ ತುಂಡೂ ಎಚ್‌ಐವಿ ಹಿಡಿಯುವ ಸಂಭವವನ್ನು ಕಡಿಮೆ ಮಾಡುತ್ತದೆ ಅಂತ 2022ರಲ್ಲಿ ಝೆಬರ್ಗ್ ಅವರೇ ಕಂಡುಕೊಂಡರು. ಒಂದೇ ತುಂಡು, ಒಂದು ಕಾಯಿಲೆಗೆ ಬಾಗಿಲು ತೆಗೆಯುತ್ತೆ, ಇನ್ನೊಂದಕ್ಕೆ ಚಿಲಕ ಹಾಕುತ್ತೆ.

ಒಬ್ಬ ಮನುಷ್ಯನ ಸಾವನ್ನು ಒಂದು ಜೀನಿನ ತಲೆಗೆ ಕಟ್ಟಲು ಆಗುವುದಿಲ್ಲ ತೇಜು. ವಯಸ್ಸು, ಸಕ್ಕರೆ ಕಾಯಿಲೆ, ಆ ದಿನ ಸಿಗದ ಆಮ್ಲಜನಕ ಇವೆಲ್ಲ ಅದಕ್ಕಿಂತ ದೊಡ್ಡವು. ನಿಮ್ಮ ರಕ್ತದಲ್ಲಿ ತಪ್ಪು ಹುಡುಕಬೇಡಿ.

ತುಮಕೂರು ತೇಜು:
ಥ್ಯಾಂಕ್ಸ್ ಅಕ್ಕ. ಅಮ್ಮನಿಗೂ ಓದಿ ಹೇಳುತ್ತೇನೆ.

ಬಾಗಲಕೋಟೆ ಬಸು:
ನಮ್ಮಲ್ಲಿ ಯಾವ ಜಾತಿಯವರಲ್ಲಿ ಈ ಪಾಲು ಜಾಸ್ತಿ ಅಂತ ಯಾರಾದರೂ ನೋಡಿದ್ದಾರಾ? ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದರ ಮೇಲೆ ದೊಡ್ಡ ಜಗಳ ನಡೆದಿದೆ.

ಉಡುಪಿಯ ಹುಡುಗಿ, ಜರ್ಮನಿ:
ಜಗಳ ನಿಲ್ಲಿಸಲು ಹೇಳಿ. ಭಾರತದ 2,700ಕ್ಕೂ ಹೆಚ್ಚು ಜನರ ಜೀನೋಮ್ ಓದಿದ ಒಂದು ದೊಡ್ಡ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಎಲ್ಲ ಕಡೆಯ, ಎಲ್ಲ ಥರದ ಜನರಲ್ಲೂ ಆ ಪಾಲು ಇದೆ, ಶೇ 1ರಿಂದ 2ರ ಆಸುಪಾಸು. ನಿಮ್ಮಲ್ಲಿರುವ ತುಂಡು ನನ್ನಲ್ಲಿಲ್ಲ, ನನ್ನಲ್ಲಿರುವುದು ಗೌಡರಲ್ಲಿಲ್ಲ. ಎಲ್ಲರ ತುಂಡುಗಳನ್ನೂ ಜೋಡಿಸಿದಾಗ ನಿಯಾಂಡರ್ತಾಲ ಜೀನೋಮಿನ ಸುಮಾರು ಅರ್ಧ ಭಾಗ ನಮ್ಮವರಿಂದಲೇ ಮತ್ತೆ ಸಿಕ್ಕಿತು. ನನಗಂತೂ ಇದು ರೋಮಾಂಚನ.

ಧಾರವಾಡದ ಸಂಗಣ್ಣ:
ನಾನು ಪುರಾತತ್ವ ಓದುತ್ತಿದ್ದೇನೆ. ನಮ್ಮ ನೆಲದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಭಾರತದಲ್ಲಿ ಇದುವರೆಗೆ ನಿಯಾಂಡರ್ತಾಲ ಎಲುಬು ಸಿಕ್ಕಿಲ್ಲ. 1982ರಲ್ಲಿ ನರ್ಮದೆಯ ದಂಡೆಯ ಹಥ್ನೋರಾದಲ್ಲಿ ಅರುಣ್ ಸೋನಕಿಯಾ ಅವರಿಗೆ ಸಿಕ್ಕ ತಲೆಬುರುಡೆ ಹಳೆಯ ಮನುಷ್ಯರದ್ದು, ಆದರೆ ಅದನ್ನು ಯಾವ ಗುಂಪಿಗೆ ಸೇರಿಸಬೇಕು ಅನ್ನುವುದರಲ್ಲಿ ಒಮ್ಮತ ಇಲ್ಲ. ಹಾಗಾಗಿ ನಮ್ಮೂರಿನ ಗುಹೆಯಲ್ಲೂ ನಿಯಾಂಡರ್ತಾಲರಿದ್ದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೆರಕೆ ಆದದ್ದು ನಮ್ಮ ಪೂರ್ವಜರು ಆಫ್ರಿಕಾ ಬಿಟ್ಟು ಬಂದ ಮೇಲೆ, ಇಲ್ಲಿಗೆ ತಲುಪುವ ಮೊದಲು ಅನ್ನಬಹುದು. 2024ರಲ್ಲಿ ಬಂದ ಲೆಕ್ಕದ ಪ್ರಕಾರ ಸುಮಾರು 50,500ರಿಂದ 43,500 ವರ್ಷಗಳ ಹಿಂದೆ. ಏಳು ಸಾವಿರ ವರ್ಷ! ಒಂದು ರಾತ್ರಿಯ ಆಕಸ್ಮಿಕ ಅಲ್ಲ, ನೂರಾರು ತಲೆಮಾರಿನ ಒಡನಾಟ.

ಇದು ಒಂದು ಕಷ್ಟದ ಪ್ರಶ್ನೆ ಎತ್ತುತ್ತದೆ. ಕರ್ನೂಲು ಕಡೆಯ ಜ್ವಾಲಾಪುರಂನಲ್ಲಿ 74,000 ವರ್ಷಗಳ ಹಿಂದಿನ ಟೋಬಾ ಜ್ವಾಲಾಮುಖಿಯ ಬೂದಿ ಪದರವಿದೆ. ಅದರ ಕೆಳಗೂ ಮೇಲೂ ಕಲ್ಲಿನ ಆಯುಧಗಳಿವೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರು ಮೈಕೆಲ್ ಪೆಟ್ರಾಲಿಯಾ ಅವರ ಜೊತೆ ಅಗೆದ ಜಾಗ ಅದು. ಆ ಆಯುಧ ಮಾಡಿದವರು ಯಾರು? ಇವತ್ತಿನ ನಮ್ಮ ಡಿಎನ್‌ಎ ತಂದವರು ಅವರಾದ ಮೇಲೆ ಬಂದವರಾ? ಎಲುಬು ಸಿಗದೆ ಉತ್ತರ ಇಲ್ಲ.

ಸಂಬಂಧದ ಮಾತಿಗೆ ಇನ್ನೊಂದು. ಸೈಬೀರಿಯಾದ ಡೆನಿಸೋವಾ ಗುಹೆಯ ಒಂದು ಎಲುಬಿನ ಚೂರನ್ನು 2018ರಲ್ಲಿ ಓದಿದರು. ಸುಮಾರು 13 ವರ್ಷದ ಹುಡುಗಿ. ತಾಯಿ ನಿಯಾಂಡರ್ತಾಲ, ತಂದೆ ಡೆನಿಸೋವ, ಅಂದರೆ ಅದೇ ಗುಹೆಯ ಹೆಸರು ಪಡೆದ, ನಿಯಾಂಡರ್ತಾಲರ ಹಾಗೇ ಇಲ್ಲವಾದ ಇನ್ನೊಂದು ಮಾನವ ಕವಲಿನವನು. ಮೇಷ್ಟ್ರ ಆ ವಿದ್ಯಾರ್ಥಿನಿಗಿಂತ ಎರಡು ಮೂರು ವರ್ಷ ಚಿಕ್ಕವಳು. ಅದೇ ಸೀಮೆಯ ಚಾಗಿರ್‌ಸ್ಕಾಯಾ ಗುಹೆಯಲ್ಲಿ ಒಬ್ಬ ಅಪ್ಪ, ಅವನ ಹದಿಹರೆಯದ ಮಗಳು ಸಿಕ್ಕಿದ್ದಾರೆ. ಅಲ್ಲಿನ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬೇರೆ ಗುಂಪಿನಿಂದ ಬಂದವರು. ತವರು ಬಿಟ್ಟು ಬಂದ ಸೊಸೆಯಂದಿರು ಅನ್ನಿ.

ಮಲೆನಾಡ ಮೇಷ್ಟ್ರು:
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ. ಇವತ್ತು ಎರಡು ಪೀರಿಯಡ್ ಇದಕ್ಕೇ ಕೊಟ್ಟೆ.

ಮೊದಲು ಗೌಡರ ಗೌರಿಯ ಕಥೆ ಹೇಳಿದೆ. ಆ ಹುಡುಗಿಯ ಮನೆಯಲ್ಲೂ ಕ್ರಾಸ್ ಹಸು ಇದೆಯಂತೆ, ತಕ್ಷಣ ಅರ್ಥವಾಯಿತು. ಬೋರ್ಡಿನ ಮೇಲೆ ಶ್ರೀರಂಗಪಟ್ಟಣದ ಕಾವೇರಿ ಬರೆದೆ. ನದಿ ಕವಲಾಗಿ ನಡುಗಡ್ಡೆ ಸುತ್ತಿ ಮತ್ತೆ ಕೂಡುವ ಹಾಗೆ. ಒಂದು ಕವಲು ತುಂಬಾ ಸಣ್ಣದು ಮಾಡಿದೆ. "ಅಜ್ಜ ಅಜ್ಜಿಯಾ, ದಾಯಾದಿಗಳಾ ಅಂತ ಕೇಳಿದ್ರೆ ಏನ್ ಬರೀಬೇಕು ಸಾರ್?" ಅಂದಳು. ಎರಡೂ ಬರೆ ಅಂದೆ. ಕವಲೊಡೆದದ್ದು ನೋಡಿದರೆ ದಾಯಾದಿಗಳು. ಆಮೇಲೆ ಕೆಲವರು ನಮ್ಮ ಅಜ್ಜ ಅಜ್ಜಿಯರೂ ಆದರು.

ಆಮೇಲೆ ಒಂದು ಕೆಲಸ ಮಾಡಿಸಿದೆ. ಫ್ರಾನ್ಸಿನ ಆಬ್ರಿ ದು ಮಾರಾ ಅನ್ನುವ ಕಡೆ ನಿಯಾಂಡರ್ತಾಲರ ಕಲ್ಲಿನ ಚಕ್ಕೆಗೆ ಅಂಟಿಕೊಂಡ ಒಂದು ದಾರದ ತುಂಡು ಸಿಕ್ಕಿದೆ ಅಂತ ಓದಿದ್ದೆ. ಉದ್ದ ಬರೀ 6 ಮಿಲಿಮೀಟರ್ ಚಿಲ್ಲರೆ, 40,000 ವರ್ಷಕ್ಕಿಂತ ಹಳೆಯದು. ಮರದ ಒಳತೊಗಟೆಯ ನಾರು. ಮೂರು ಎಳೆ. ಪ್ರತಿ ಎಳೆಯನ್ನೂ ಒಂದು ದಿಕ್ಕಿಗೆ ತಿರುಚಿ, ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ಹೊಸೆದಿದ್ದಾರೆ. ಮಕ್ಕಳಿಗೆ ಕತ್ತಾಳೆ ನಾರು ಕೊಟ್ಟು ಹೊಸೆಯಿರಿ ಅಂದೆ. ಎಲ್ಲರೂ ಒಂದೇ ದಿಕ್ಕಿಗೆ ತಿರುಚಿದರು, ಕೈ ಬಿಟ್ಟ ಕೂಡಲೇ ಬಿಚ್ಚಿಹೋಯಿತು. ಹದಿನೈದು ನಿಮಿಷ ಒದ್ದಾಡಿದ ಮೇಲೆ ಒಬ್ಬ ಹುಡುಗನಿಗೆ ಅಜ್ಜಿ ತೊಡೆಯ ಮೇಲೆ ಹುರಿ ಹೊಸೆಯುವುದು ನೆನಪಾಯಿತು. ಅವನು ಕೂತು ತೋರಿಸಿದ. ಆಗ ನಿಂತಿತು ಹಗ್ಗ.

ಸಂಗಣ್ಣ ಅವರೇ, ನಮ್ಮ ಶಾಲೆಗೆ ಒಮ್ಮೆ ಬರುತ್ತೀರಾ? ಮಕ್ಕಳು ಕಲ್ಲಿನ ಆಯುಧ ಕೈಯಲ್ಲಿ ಹಿಡಿದು ನೋಡಲಿ.

ಧಾರವಾಡದ ಸಂಗಣ್ಣ:
ಖಂಡಿತ ಬರ್ತೀನಿ ಸರ್. ಹಳೆಯ ಆಯುಧ ತರಲು ಆಗುವುದಿಲ್ಲ, ಅವು ಇರುವಲ್ಲೇ ಇರಬೇಕು. ನಾನೇ ಅಭ್ಯಾಸಕ್ಕೆ ಒಡೆದವು ಒಂದು ಚೀಲ ಇವೆ, ತರುತ್ತೇನೆ. ಒಂದು ಗುಂಡುಕಲ್ಲನ್ನು ಸುತ್ತಲೂ ಕೆತ್ತಿ ಆಮೆಯ ಬೆನ್ನಿನ ಹಾಗೆ ಮಾಡಿ, ಕೊನೆಗೆ ಒಂದೇ ಏಟಿಗೆ ಬೇಕಾದ ಚಕ್ಕೆ ಎಬ್ಬಿಸುವುದು ನಿಯಾಂಡರ್ತಾಲರ ಕೈಚಳಕ. ಅದನ್ನೂ ಮಾಡಿ ತೋರಿಸುತ್ತೇನೆ. ಚೂರು ಹಾರುತ್ತೆ, ಮುಂದಿನ ಸಾಲಿನ ಮಕ್ಕಳಿಗೆ ಕಣ್ಣಿಗೆ ಕನ್ನಡಕ ಬೇಕು. ಲ್ಯಾಬಿನಲ್ಲಿ ಎಷ್ಟಿವೆ ಅಂತ ನೋಡಿ ಹೇಳಿ, ಉಳಿದದ್ದು ನಾನು ತರುತ್ತೇನೆ.